ಕೊವೆಂಟ್ರಿಯಲ್ಲಿ ಒಂದು ಮೂಲಶೋಧ

ಬಸವ ಜಯಂತಿಯ ಪ್ರವಚನಕ್ಕೆಂದು ಇಂಗ್ಲೆಂಡಿನಲ್ಲಿ ನೆಲೆಸಿರುವ ಭಕ್ತರು ಆದರದಿಂದ ಬರಮಾಡಿಕೊಂಡ ಕಾರಣ, ಆ ದೇಶದ ಮಧ್ಯಭಾಗದಲ್ಲಿರುವ ಕೊವೆಂಟ್ರಿ ನಗರದಲ್ಲಿ ಹತ್ತು ದಿನ ತಂಗುವ ಯೋಗ ನಮಗೆ ಒದಗಿತು. ಹಿಂದಿರುಗಿದ ಮೇಲೆ ಪ್ರವಾಸದ ವೃತ್ತಾಂತವನ್ನು ಬರೆದುಕೊಡಬೇಕೆಂದು ಈ ಪತ್ರಿಕೆಯ ಬಂಧುಗಳು ಕೇಳಿದರು. ಕಂಡ ಊರುಗಳನ್ನೂ ಕಟ್ಟಡಗಳನ್ನೂ ಸಾಲಾಗಿ ಹೇಳುತ್ತ ಹೋಗುವುದಕ್ಕಿಂತ, ನಾವು ತಂಗಿದ್ದ ಮನೆಯಲ್ಲಿ ಒಂದು ಹಳೆಯ ಕಾರಿನ ಒಳಗಿನ ಬಣ್ಣವನ್ನು ಕುರಿತು ನಡೆದ ವಿಚಾರಣೆಯನ್ನು ನಿವೇದಿಸುವುದು ಲೇಸೆಂದು ತೋರಿತು. ಕಾರಿನ ಗಾದಿಯ ಬಣ್ಣಕ್ಕೂ ಶರಣರ ಪತ್ರಿಕೆಗೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಾರದು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು.

ನಮಗೆ ಆಶ್ರಯವಿತ್ತವರು ಧಾರವಾಡ ಸೀಮೆಯಿಂದ 1968ರಲ್ಲಿ ಆ ದೇಶಕ್ಕೆ ಹೋಗಿ, ಮೂವತ್ತೈದು ವರ್ಷ ರೋಗಿಗಳ ಸೇವೆ ಮಾಡಿ ನಿವೃತ್ತರಾದ ವೈದ್ಯರು. ಈಗ ಅವರಿಗೆ ಎಂಬತ್ತನಾಲ್ಕು ವರ್ಷ. ಅವರ ಧರ್ಮಪತ್ನಿ ಲಿಂಗೈಕ್ಯರಾಗಿ ನಾಲ್ಕು ವರ್ಷಗಳಾಗಿವೆ. ಮಗ ಎಂಜಿನಿಯರು, ಸೊಸೆ ಶಾಲೆಯ ಉಪಾಧ್ಯಾಯಿನಿ. ಮನೆಯಲ್ಲಿ ಬೆಳಗಿನ ಲಿಂಗಪೂಜೆ ಒಂದು ದಿನವೂ ತಪ್ಪುವುದಿಲ್ಲ. ತಮ್ಮ ಪತ್ನಿಯ ಸ್ಮರಣಾರ್ಥ ಹುಟ್ಟೂರಿನಲ್ಲಿ ಹೆಣ್ಣುಮಕ್ಕಳಿಗೊಂದು ಉಚಿತ ಪ್ರಸಾದನಿಲಯವನ್ನು ಕಟ್ಟಿಸಬೇಕೆಂಬುದು ವೈದ್ಯರ ಸಂಕಲ್ಪ. ಅದಕ್ಕೆ ನಮ್ಮ ಶ್ರೀಮಠವೇ ಜಾಗವನ್ನು ಕೊಟ್ಟಿದೆ. ಎಂಟು ಕೋಣೆಗಳ ನಕ್ಷೆಯೂ ಸಿದ್ಧವಾಗಿತ್ತು. ಹಣದ ಬಹುಭಾಗ ಒದಗಬೇಕಾಗಿದ್ದುದು ಅವರ ಗ್ಯಾರೇಜಿನಲ್ಲಿ ನಿಂತಿದ್ದ ಹಳೆಯ ಜಾಗ್ವಾರ್ ಕಾರಿನ ಮಾರಾಟದಿಂದ.

ಕೊವೆಂಟ್ರಿಯೆಂದರೆ ಕಾರುಗಳ ಊರು. ಮೊದಲು ರೇಷ್ಮೆಯ ಪಟ್ಟಿ ನೇಯುವವರೂ ಗಡಿಯಾರ ಮಾಡುವವರೂ ಇದ್ದ ಈ ಊರಿನಲ್ಲಿ ಆಮೇಲೆ ಸೈಕಲ್ಲು, ಆ ಬಳಿಕ ಮೋಟಾರು ತಯಾರಿಕೆ ಬೇರೂರಿತು. 1922ರಲ್ಲಿ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿನಲ್ಲಿ ಮೋಟಾರ್ ಸೈಕಲ್ಲಿನ ಪಕ್ಕದ ತೊಟ್ಟಿಲುಗಳನ್ನು ಮಾಡುವ ಕಸುಬು ಹಿಡಿದ ವಿಲಿಯಂ ಲಯನ್ಸ್ ಎಂಬವರು 1928ರಲ್ಲಿ ತಮ್ಮ ಕಾರ್ಖಾನೆಯನ್ನು ಇಲ್ಲಿಗೆ ತಂದರು. ಅದೇ ಮುಂದೆ ಜಾಗ್ವಾರ್ ಎಂದು ಹೆಸರಾಯಿತು. ಅವರ ಕಾರ್ಖಾನೆ 1950ರ ದಶಕದ ಆರಂಭದಲ್ಲಿ ಬ್ರೌನ್ಸ್ ಲೇನ್ ಎಂಬ ಬೀದಿಗೆ ಬಂದು, ಅರ್ಧ ಶತಮಾನ ಅಲ್ಲಿಯೇ ನಡೆಯಿತು. 2005ರಲ್ಲಿ ಅಲ್ಲಿ ಕಾರು ತಯಾರಿಕೆ ನಿಂತಿತು. ವೈದ್ಯರು ನಮ್ಮನ್ನು ಆ ಬೀದಿಗೆ ಕರೆದೊಯ್ದಾಗ ನೋಡಲು ದೊರೆತದ್ದು ಹೊಸ ಮನೆಗಳೂ ಉಗ್ರಾಣಗಳೂ ಮಾತ್ರ.

ಆ ನಗರದಲ್ಲಿ ನೋಡಲೇಬೇಕಾದ ಇನ್ನೊಂದು ಸ್ಥಳವಿದೆ. 1940ರ ನವೆಂಬರ್ 14ರ ರಾತ್ರಿ ಜರ್ಮನರ ವಿಮಾನಗಳು ಬಾಂಬು ಸುರಿದು ನಗರದ ನಡುಭಾಗವನ್ನು ಸುಟ್ಟವು. ಮಧ್ಯಯುಗದ ಸಂತ ಮೈಕೇಲರ ದೇವಾಲಯ ಚಾವಣಿಯನ್ನು ಕಳೆದುಕೊಂಡು ಬರಿಗೋಡೆಯಾಯಿತು. ಯುದ್ಧಾನಂತರ ಬೇಸಿಲ್ ಸ್ಪೆನ್ಸ್ ಎಂಬ ವಾಸ್ತುಶಿಲ್ಪಿ ಹೊಸ ದೇವಾಲಯವನ್ನು ಕಟ್ಟುವಾಗ ಆ ಪಾಳುಗೋಡೆಗಳನ್ನು ಕೆಡವಲಿಲ್ಲ. ಹಳೆಯದರ ಹಾಗೆ ಕಾಣುವಂತೆ ಮರಳಿ ಕಟ್ಟಲೂ ಇಲ್ಲ. ಪಾಳನ್ನು ಪಾಳಾಗಿಯೇ ಉಳಿಸಿ, ಅದಕ್ಕೆ ತಾಗಿದಂತೆ ಹೊಸದನ್ನು ಹೊಸದಾಗಿಯೇ ಎಬ್ಬಿಸಿದರು. 1962ರ ಮೇ 25ರಂದು ಅದರ ಪ್ರತಿಷ್ಠೆಯಾಯಿತು. ನಾವು ಅಲ್ಲಿ ನಿಂತಾಗ ಮಳೆ ಹನಿಯುತ್ತಿತ್ತು. ಒಂದು ಕಡೆ ಆಕಾಶಕ್ಕೆ ತೆರೆದ ಕಿಟಕಿಗಳ ಕಲ್ಲಿನ ಕಮಾನು, ಇನ್ನೊಂದು ಕಡೆ ಕೆಂಪು ಮರಳುಗಲ್ಲಿನ ಹೊಸ ಗೋಡೆ. ಎರಡರಲ್ಲಿ ಒಂದೂ ಮತ್ತೊಂದರ ವೇಷವನ್ನು ಧರಿಸಿರಲಿಲ್ಲ. ಈ ನೋಟ ಮುಂದಿನ ದಿನಗಳಲ್ಲಿ ನಮಗೆ ಮತ್ತೆ ಮತ್ತೆ ನೆನಪಾಯಿತು.

ಆ ದೇವಾಲಯದ ಪ್ರತಿಷ್ಠೆಯಾದ ವರ್ಷದಲ್ಲಿಯೇ ವೈದ್ಯರ ಕಾರು ಬ್ರೌನ್ಸ್ ಲೇನಿನಿಂದ ಹೊರಬಂದಿತ್ತು. ಅದು ಇ-ಟೈಪ್ ಎಂಬ ಮಾದರಿ. 1961ರ ಮಾರ್ಚಿನಲ್ಲಿ ಜಿನೀವಾ ನಗರದ ಪ್ರದರ್ಶನದಲ್ಲಿ ಈ ಮಾದರಿಯನ್ನು ಮೊದಲು ತೋರಿಸಿದಾಗ ನೋಡಲು ಮುಗಿಬಿದ್ದ ಜನರಿಗಾಗಿ ಮತ್ತೊಂದು ಕಾರನ್ನು ಕೊವೆಂಟ್ರಿಯಿಂದ ರಾತ್ರೋರಾತ್ರಿ ಓಡಿಸಿ ತರಬೇಕಾಯಿತಂತೆ. ಉದ್ದನೆಯ ಮೂತಿ, ತಗ್ಗಿದ ಮೈ, ಆರು ಸಿಲಿಂಡರಿನ 3.8 ಲೀಟರ್ ಎಂಜಿನು, ಇಬ್ಬರು ಕೂರುವಷ್ಟೇ ಜಾಗ. ಇದರ ಆಕಾರವನ್ನು ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ವಿದ್ಯೆಯ ಗಣಿತವನ್ನು ಬಲ್ಲವರು. 1974ರವರೆಗೆ ಈ ಮಾದರಿಯ 72,000ಕ್ಕೂ ಹೆಚ್ಚು ಕಾರುಗಳು ತಯಾರಾದವು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 1996ರಲ್ಲಿ ಒಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತೆಂದರೆ ಇದರ ಕೀರ್ತಿಯನ್ನು ಊಹಿಸಬಹುದು.

ನಮ್ಮ ವೈದ್ಯರು ಅದನ್ನು ಕೊಂಡದ್ದು ಕೀರ್ತಿಗಾಗಿಯಲ್ಲ. 1973ರ ತೈಲದ ಬಿಕ್ಕಟ್ಟಿನ ತರುವಾಯ ಪೆಟ್ರೋಲು ಕುಡಿಯುವ ಹಳೆಯ ಕಾರುಗಳನ್ನು ಕೇಳುವವರಿಲ್ಲದಾಗ, 1974ರಲ್ಲಿ ತರುಣ ವೈದ್ಯರ ಸಂಬಳಕ್ಕೆ ಎಟುಕುವ ಬೆಲೆಗೆ ಸಿಕ್ಕಿತ್ತು. ಹೊರಮೈ ಮಿನುಗುವ ಕಡುನೀಲಿ, ಒಳಗಿನ ಆಸನಗಳು ಕೆಂಪು. ಮಡಿಸುವ ಬಟ್ಟೆಯ ಮಾಡು. ಗ್ಯಾರೇಜಿನ ದೀಪವನ್ನು ಹಾಕಿ ತೋರಿಸಿದಾಗ ಆ ಕೆಂಪು ನಮ್ಮ ಕಣ್ಣಿಗೂ ಹಿತವಾಗಿ ಕಂಡಿತು. ಚರ್ಮದ ಆಸನವೆಂದು ತಿಳಿದಾಗ ಕೂರಲು ಒಂದು ಕ್ಷಣ ಹಿಂಜರಿದೆವು. ಆಮೇಲೆ ಸಮಗಾರ ಹರಳಯ್ಯನವರ ನೆನಪಾಗಿ, ಚರ್ಮದ ಕಾಯಕವನ್ನು ಶರಣರು ಎಲ್ಲಿಯೂ ಕೀಳೆಂದು ಎಣಿಸಲಿಲ್ಲವಲ್ಲ ಎಂದುಕೊಂಡು ಕುಳಿತೆವು.

ಕೊಳ್ಳಲು ಒಬ್ಬ ಸಂಗ್ರಾಹಕರು ಮುಂದೆ ಬಂದಿದ್ದರು. ಇಂಥ ಕಾರುಗಳ ವ್ಯಾಪಾರದಲ್ಲಿ ಒಂದು ನಿಯಮವಿದೆಯೆಂದು ಮಗ ವಿವರಿಸಿದರು. ಹೊಸದಾಗಿ ಬಣ್ಣ ಬಳಿದು ಥಳಥಳಿಸುವುದಕ್ಕಿಂತ, ಕಾರ್ಖಾನೆಯಿಂದ ಹೊರಟಾಗ ಇದ್ದ ಬಣ್ಣ ಮತ್ತು ಹೊದಿಕೆ ಸವೆದಾದರೂ ಉಳಿದಿದ್ದರೆ ಅದಕ್ಕೆ ಹೆಚ್ಚು ಬೆಲೆ. ತಂದೆಯ ಮಾತನ್ನು ನಂಬಿ ಮಗ ಅವರಿಗೆ ಒಳಗಿನ ಕೆಂಪು ಬಣ್ಣವು ಕಾರ್ಖಾನೆಯದೇ ಎಂದು ಬರೆದಿದ್ದರು. ಆ ಮಾತಿನ ಮೇಲೆಯೇ ಬೆಲೆ ನಿಶ್ಚಯವಾಗಿತ್ತು. ಮಾರಾಟದ ಕಾಗದಗಳ ಜೊತೆಗಿರಲೆಂದು ಮಗ ಜಾಗ್ವಾರ್ ಡೈಮ್ಲರ್ ಪಾರಂಪರಿಕ ಟ್ರಸ್ಟಿಗೆ ಅರ್ಜಿ ಹಾಕಿ ಕಾರಿನ ಮೂಲಪ್ರಮಾಣಪತ್ರವನ್ನು ತರಿಸಿದರು. ನಾವು ಆ ಮನೆಗೆ ಹೋದ ಮರುದಿನ ಅದು ಅಂಚೆಯಲ್ಲಿ ಬಂದಿತು.

ಒಂದೇ ಹಾಳೆಯ ಪತ್ರ ಅದು. ಚಾಸಿಯ ಸಂಖ್ಯೆ, ಎಂಜಿನ್ ಸಂಖ್ಯೆ, ಗೇರ್ ಪೆಟ್ಟಿಗೆಯ ಸಂಖ್ಯೆ, ಮೈಯ ಸಂಖ್ಯೆ, ತಯಾರಾದ ದಿನ, ರವಾನೆಯಾದ ದಿನ, ಮೊದಲು ಮಾರಿದ ಅಂಗಡಿ ಎಲ್ಲವೂ ಅದರಲ್ಲಿದ್ದವು. ಹೊರಗಿನ ಬಣ್ಣ ಕಡುನೀಲಿ. ಅದರ ಕೆಳಗೆ ಒಳಗಿನ ಬಣ್ಣ: ಅದೂ ಕಡುನೀಲಿ.

ಮಗ ಎರಡು ಸಲ ಓದಿ ತಂದೆಯ ಮುಂದಿಟ್ಟರು.

"ಅಪ್ಪಾ, ಕಾಗದದಾಗ ಒಳಗೂ ನೀಲಿ ಅಂತ ಐತಿ."

ವೈದ್ಯರು ಕನ್ನಡಕ ತೆಗೆದು ಒರೆಸಿ ನಮ್ಮ ಕಡೆಗೆ ತಿರುಗಿದರು. "ಬರದವ್ರು ತಪ್ಪ ಬರದಾರ್ರಿ ಗುರುಗಳ. ಐವತ್ತ ವರ್ಷ ಆ ಗಾದಿಮ್ಯಾಲ ಕುಂತೇನಿ. ಕೆಂಪ ಇತ್ರಿ, ಕೆಂಪ ಐತ್ರಿ."

ಆ ರಾತ್ರಿ ಪ್ರಸಾದವಾದ ಮೇಲೆ ಮಗ ನಮ್ಮೊಡನೆ ಮಾತನಾಡುತ್ತ ಕುಳಿತರು. ಅವರ ಮನಸ್ಸಿನ ತೊಳಲಾಟ ನಮಗೆ ಅರ್ಥವಾಯಿತು. ಆ ದೇಶದ ನೋಂದಣಿ ಪತ್ರದಲ್ಲಿ ಕಾರಿನ ಹೊರಬಣ್ಣವನ್ನು ಬರೆಯುತ್ತಾರೆ, ಒಳಗಿನದನ್ನು ಬರೆಯುವುದಿಲ್ಲ. ಅಂದಿನ ಕಾರ್ಖಾನೆಯ ಬಣ್ಣಗಳ ಪಟ್ಟಿಯಲ್ಲಿ ಕಡುನೀಲಿ ಕಾರಿಗೆ ಕಡುನೀಲಿ ಅಥವಾ ಕೆಂಪು, ಎರಡೂ ಒಳಬಣ್ಣಗಳಿಗೆ ಅವಕಾಶವಿತ್ತು. ಎಂಜಿನಿನ ಬಳಿ ಬಡಿದಿರುವ ತಗಡಿನಲ್ಲಿ ಸಂಖ್ಯೆಗಳಿವೆ, ಬಣ್ಣವಿಲ್ಲ. ಕೊಳ್ಳುವವರು ಪ್ರಮಾಣಪತ್ರವನ್ನು ಇನ್ನೂ ಕೇಳಿರಲಿಲ್ಲ. ಹಾಳೆಯನ್ನು ಮಡಿಸಿ ಮೇಜಿನ ಖಾನೆಯಲ್ಲಿಟ್ಟು ಸುಮ್ಮನಿದ್ದರೆ ಯಾರೂ ಪ್ರಶ್ನಿಸುವಂತಿರಲಿಲ್ಲ.

"ಸುಳ್ಳು ಹೇಳ್ರಿ ಅಂತ ನಾ ಅನ್ನಾಂಗಿಲ್ರಿ ಗುರುಗಳ. ಅಪ್ಪ ಕೆಂಪ ಇತ್ತು ಅಂತಾರ, ಅದನ್ನ ನಾ ನಂಬೀನಿ. ರೊಕ್ಕ ನನಗೇನ ಬೇಕಾಗಿಲ್ಲ. ಹೆಣ್ಣಮಕ್ಕಳ ಪ್ರಸಾದನಿಲಯಕ್ಕ ಹೋಗೂದು."

ನಾವು ಆಗಲೇ ಉತ್ತರ ಕೊಡಬೇಕಾಗಿತ್ತು, ಕೊಡಲಿಲ್ಲ. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ಧರ್ಮ. ಆ ಕಟ್ಟಡ ಏಳುವುದು ನಮ್ಮ ಶ್ರೀಮಠದ ಜಾಗದಲ್ಲಿ. ಎಂಟು ಕೋಣೆಗಳ ನಕ್ಷೆಯನ್ನು ನೋಡಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನಾವೇ. ವೈದ್ಯರ ನೆನಪೇ ಸರಿಯಿರಬಹುದು, ಪತ್ರವೇ ತಪ್ಪಿರಬಹುದು ಎಂಬ ಆಸೆ ನಮ್ಮ ಮನಸ್ಸಿನಲ್ಲಿಯೂ ಸುಳಿಯಿತು. ನಲವತ್ತು ವರ್ಷ ಸತ್ಯಶುದ್ಧ ಕಾಯಕವನ್ನು ಕುರಿತು ಪ್ರವಚನ ಮಾಡಿದ ನಾಲಗೆ ಆ ರಾತ್ರಿ ಸುಮ್ಮನಿತ್ತು. ನಿದ್ರೆ ಬರಲಿಲ್ಲ.

ಬೆಳಿಗ್ಗೆ ಪೂಜೆಯ ಬಳಿಕ ಹೀಗೆಂದೆವು: "ಡಾಕ್ಟರ ಸಾಹೇಬರೇ, ಪತ್ರ ತಪ್ಪೋ ನೆನಪು ತಪ್ಪೋ ನೋಡಿಯೇ ಬಿಡೋಣ. ನಾವು ಓಲೆಗರಿಯ ಪಾಠ ನೋಡುವುದೂ ಹಾಗೆಯೇ."

ಶ್ರೀಮಠದಲ್ಲಿ ಓದುತ್ತಿದ್ದಾಗ ವಚನಗಳ ಓಲೆಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಪಾಠಾಂತರ ಗುರುತಿಸುವುದನ್ನು ಗುರುಗಳು ನಮಗೆ ಕಲಿಸಿದ್ದರು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಪ್ರತಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆ ಆ ವಿದ್ಯೆಗೆ ನಮ್ಮಲ್ಲಿ ಒಂದು ದಾರಿಯಾಯಿತು. ಅಂಕಿತ ಹೊಂದುತ್ತದೆ, ಭಾವ ಹೊಂದುತ್ತದೆ ಎಂದ ಮಾತ್ರಕ್ಕೆ ಒಂದು ವಚನವು ಇಂಥ ಶರಣರದೇ ಎಂದು ಹೇಳಲಾಗದು. ಪ್ರತಿಯಲ್ಲಿ ಇದೆಯೇ ಎಂದು ನೋಡಬೇಕು. ಕಾರಿನ ವಿಷಯವೂ ಅಷ್ಟೆ. ನೀಲಿ ಕಾರಿಗೆ ಕೆಂಪು ಒಳಬಣ್ಣವಿರುವುದು ಸಾಧ್ಯವಿತ್ತು ಎಂಬುದು ಪಟ್ಟಿ ಹೇಳುವ ಮಾತು. ಈ ಕಾರಿನಲ್ಲಿ ಇತ್ತೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಸಾಕ್ಷಿ ಬೇಕು, ಒಂದೇ ಸಾಕ್ಷಿ ಸಾಲದು.

ಅಂದು ಮಗ ನಮ್ಮನ್ನೂ ವೈದ್ಯರನ್ನೂ ಗೇಡನ್ ಎಂಬಲ್ಲಿಗೆ ಕರೆದುಕೊಂಡು ಹೋದರು. ಕೊವೆಂಟ್ರಿಯಿಂದ ದಕ್ಷಿಣಕ್ಕೆ ಸುಮಾರು ಮುಕ್ಕಾಲು ಗಂಟೆಯ ದಾರಿ. ಇಕ್ಕೆಲದಲ್ಲಿ ಹಸುರು ಹೊಲ, ಅಲ್ಲಲ್ಲಿ ಕುರಿಹಿಂಡು, ಹಳದಿ ಹೂ ಬಿಟ್ಟ ಎಣ್ಣೆಕಾಳಿನ ಪೈರು. ಒಂದು ಕಾಲಕ್ಕೆ ಯುದ್ಧವಿಮಾನಗಳ ನಿಲ್ದಾಣವಾಗಿದ್ದ ಆ ಬಯಲಿನಲ್ಲಿ 1993ರಲ್ಲಿ ಒಂದು ಮೋಟಾರು ವಸ್ತುಸಂಗ್ರಹಾಲಯ ತೆರೆಯಿತು. ಈಗ ಅದರ ಹೆಸರು ಬ್ರಿಟಿಷ್ ಮೋಟಾರ್ ಮ್ಯೂಸಿಯಂ. ಮುನ್ನೂರಕ್ಕೂ ಹೆಚ್ಚು ಕಾರುಗಳನ್ನು ಅಲ್ಲಿ ಇಟ್ಟಿದ್ದಾರೆ. ನಮಗೆ ಕಾರುಗಳಿಗಿಂತ ಮಿಗಿಲಾಗಿ ಕಂಡದ್ದು ಅಲ್ಲಿರುವ ಪತ್ರಾಗಾರ. ಮುಚ್ಚಿಹೋದ ಎಷ್ಟೋ ಕಾರ್ಖಾನೆಗಳ ದಫ್ತರುಗಳನ್ನು ಆ ಸಂಸ್ಥೆ ಕಾಪಾಡಿಕೊಂಡು ಬಂದಿದೆ. ಜಾಗ್ವಾರಿನ ಹಳೆಯ ದಾಖಲೆಗಳನ್ನು ನೋಡಿಕೊಳ್ಳುವ ಟ್ರಸ್ಟು 1983ರಲ್ಲಿ ಹುಟ್ಟಿದ್ದು; ಅದರ ನೆಲೆಯೂ ಈಗ ಅಲ್ಲಿಯೇ.

ದಾಖಲೆಯಲ್ಲಿ ತಪ್ಪು ನುಸುಳಿರಬಹುದೇ ಎಂದು ಮಗ ಅಲ್ಲಿಯ ಸಿಬ್ಬಂದಿಯೊಬ್ಬರನ್ನು ಕೇಳಿದರು. ಅವರ ಉತ್ತರ ಮಿತವಾಗಿತ್ತು. ಕಾರು ಹೊರಟ ಕಾಲದಲ್ಲಿ ಕಾರ್ಖಾನೆಯವರು ಬರೆದಿಟ್ಟುದನ್ನು ತಾವು ಇದ್ದಂತೆ ನಕಲು ಮಾಡಿಕೊಡುತ್ತೇವೆ; ಮನುಷ್ಯರು ಬರೆದದ್ದರಲ್ಲಿ ಅಪರೂಪಕ್ಕೆ ಕೈತಪ್ಪು ಇರಬಹುದು; ಆದರೆ ಕೈತಪ್ಪೆಂದು ಹೇಳಲು ಕಾರಿನಲ್ಲಿಯೇ ಸಾಕ್ಷಿ ಸಿಗಬೇಕು ಎಂದರು. ಗೇಟು ದಾಟಿದ ಮೇಲೆ ಕಾರಿಗೆ ಏನಾಯಿತೆಂಬುದನ್ನು ತಮ್ಮ ಪುಸ್ತಕ ಹೇಳಲಾರದೆಂದೂ ತಿಳಿಸಿದರು. ಬಲ್ಲವರು ತಮ್ಮ ಬಲ್ಲತನದ ಎಲ್ಲೆಯನ್ನೂ ಹೇಳುವುದು ನಮಗೆ ಮೆಚ್ಚುಗೆಯಾಯಿತು. 1962ರಲ್ಲಿ ಯಾರೋ ಒಬ್ಬ ಗುಮಾಸ್ತ ದಿನವೂ ಹೊರಡುವ ಕಾರುಗಳ ಬಣ್ಣವನ್ನು ಸಾಲಿಗೊಂದರಂತೆ ಬರೆದಿಟ್ಟ. ಅವನ ಹೆಸರು ಯಾರಿಗೂ ತಿಳಿಯದು. ಅರವತ್ತು ವರ್ಷಗಳ ಮೇಲೆ ಒಂದು ಮನೆಯ ಧರ್ಮಸಂಕಟಕ್ಕೆ ತನ್ನ ಒಂದು ಸಾಲು ಸಾಕ್ಷಿಯಾಗುವುದೆಂದು ಅವನು ಎಣಿಸಿರಲಾರ. ಕಾಯಕವೆಂದರೆ ಇದೇ ಅಲ್ಲವೇ?

ಎರಡನೆಯ ಸಾಕ್ಷಿಗೆ ಮರುದಿನ ಕಾರಿನ ಗಾದಿ ಹೊಲಿಯುವ ಕಸುಬಿನ ಒಬ್ಬ ಮುದುಕರು ಮನೆಗೆ ಬಂದರು. ಐವತ್ತು ವರ್ಷ ಅದೇ ಕೆಲಸ ಮಾಡಿದವರು. ಬಂದವರೇ ಬಣ್ಣದ ಮಾತೆತ್ತಲಿಲ್ಲ. ಕೈದೀಪವನ್ನು ಹಿಡಿದು ಮಂಡಿಯೂರಿ ಕಾಣದ ಜಾಗಗಳನ್ನು ಹುಡುಕತೊಡಗಿದರು. ಬಿಸಿಲು, ಬಟ್ಟೆ, ಕೈ ಸೋಕುವ ಜಾಗವನ್ನು ಯಾರು ಬೇಕಾದರೂ ಬದಲಿಸಿರುತ್ತಾರೆ. ಬದಲಿಸುವವರು ಶ್ರಮ ಪಡದೆ ಬಿಡುವ ಮೂಲೆಗಳಲ್ಲಿ ಹಳೆಯದು ಉಳಿದಿರುತ್ತದೆ ಎಂಬುದು ಅವರ ಸೂತ್ರ. ಮಾಡಿನ ಬಟ್ಟೆಯನ್ನು ಅವರು ನೋಡಲೇ ಇಲ್ಲ. ಅದು ಹರಿದಾಗಲೆಲ್ಲ ಬದಲಾಗುವ ವಸ್ತು. ಮುಂದಿನ ಹಲಗೆಯ ನಡುಭಾಗದಲ್ಲಿ ಆ ಕಾಲದ ಕಾರುಗಳಿಗೆ ಚುಕ್ಕೆ ಒತ್ತಿದ ಅಲ್ಯೂಮಿನಿಯಂ ತಗಡು. ಅದರಿಂದಲೂ ಬಣ್ಣದ ಪ್ರಶ್ನೆಗೆ ಉಪಯೋಗವಿಲ್ಲ.

ಮೊದಲು ಆಸನವನ್ನು ಬಿಚ್ಚಿ ಬೋರಲು ಹಾಕಿದರು. ಕೆಂಪು ಚರ್ಮದ ಅಂಚುಗಳನ್ನು ಬೆರಳಿನಿಂದ ಬಿಡಿಸಿದರು. ಚರ್ಮಕ್ಕೆ ಬಣ್ಣ ಬಳಿದಿದ್ದರೆ ಮಡಿಕೆಯ ಒಳಗೆ ಹಳೆಯ ಬಣ್ಣ ಇಣುಕುತ್ತದೆ, ಇಲ್ಲಿ ಹಾಗಿರಲಿಲ್ಲ. ಚರ್ಮವೇ ಕೆಂಪಾಗಿತ್ತು. ವೈದ್ಯರ ಮುಖ ಅರಳಿತು. ಆದರೆ ಮುದುಕರು ಚೌಕಟ್ಟಿನ ಅಂಚಿಗೆ ದೀಪ ಹಿಡಿದು, ಗಟ್ಟಿಯಾದ ಹಳೆಯ ಅಂಟಿನಲ್ಲಿ ಸಿಕ್ಕಿಕೊಂಡಿದ್ದ ಉಗುರಿನಗಲದ ಚೂರೊಂದನ್ನು ತೋರಿಸಿದರು. ಅದು ಕಡುನೀಲಿ ಚರ್ಮ. ಅನಂತರ ಬಾಗಿಲಿನ ಹಲಗೆಯನ್ನು ಕಳಚಿದರು. ಅದರ ಹೊದಿಕೆ ಚರ್ಮದಂತೆ ಕಾಣುವ ರೆಕ್ಸಿನ್. ಮುಂಭಾಗ ಕೆಂಪು, ಹಲಗೆಯ ಹಿಂದಕ್ಕೆ ಮಡಿಸಿ ಅಂಟಿಸಿದ ಎರಡು ಬೆರಳಗಲದ ಅಂಚು ನೀಲಿ. ಅಲ್ಲಿ ಮಾತ್ರ ಮೇಲಿನಿಂದ ಬಣ್ಣ ಹಾಕಿದ್ದರು. ಗೇರ್ ಪೆಟ್ಟಿಗೆಯ ಮೇಲಿನ ಜಮಖಾನೆಯನ್ನು ಎತ್ತಿದಾಗ ಅದರಡಿಯಲ್ಲಿ ಹಳೆಯ ಜಮಖಾನೆಯ ಒಂದು ತುಂಡು ಉಳಿದಿತ್ತು. ಅದೂ ನೀಲಿ.

ಮುದುಕರು ಎಲ್ಲವನ್ನೂ ಮೊದಲಿದ್ದಂತೆ ಜೋಡಿಸಿ, ಕೆಲಸ ಬಲು ಅಚ್ಚುಕಟ್ಟಾಗಿದೆ, ಯಾರೋ ಮನಸ್ಸಿಟ್ಟು ಮಾಡಿದ್ದಾರೆ, ಆದರೆ ಕಾರ್ಖಾನೆಯದಲ್ಲ ಎಂದಷ್ಟೇ ಹೇಳಿ ಹೊರಟುಹೋದರು.

ವೈದ್ಯರು ಗ್ಯಾರೇಜಿನ ಸ್ಟೂಲಿನ ಮೇಲೆ ಬಹಳ ಹೊತ್ತು ಕುಳಿತೇ ಇದ್ದರು. ತಾವು ಕೊಳ್ಳುವ ಮೊದಲೇ ಯಾರೋ ಬದಲಿಸಿರಬೇಕೆಂದರು. ಆ ಮಾತಿನಲ್ಲಿ ಬಲವಿರಲಿಲ್ಲ. ಆಗ ಒಳಗಿನಿಂದ ಸೊಸೆ ಒಂದು ಹಳೆಯ ಆಲ್ಬಮ್ ತಂದರು. "ಮಾವಾರ, ಇದನ್ನೊಂದ್ಸಲ ನೋಡ್ರಿ" ಎಂದು ಒಂದು ಪುಟವನ್ನು ತೆರೆದು ಅವರ ತೊಡೆಯ ಮೇಲಿಟ್ಟರು. ಬಣ್ಣ ಮಾಸಿದ ಒಂದು ಚಿತ್ರ. ತಲೆತುಂಬ ಸೆರಗು ಹೊದ್ದ ತರುಣಿ ಕಾರಿನಲ್ಲಿ ಕುಳಿತಿದ್ದಾರೆ. ಮಡಿಲಲ್ಲಿ ಕೆಲವು ತಿಂಗಳ ಕೂಸು. ಆ ಕೂಸೇ ಇಂದಿನ ಎಂಜಿನಿಯರು. ಅವರ ಭುಜದ ಹಿಂದೆ ಕಾಣುವ ಆಸನ ನೀಲಿ.

ಹಿರಿಯರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು. ಅವರ ಕೈ ನಡುಗುತ್ತಿತ್ತು. ಬಳಿಕ ಮೆಲ್ಲಗೆ ಹೇಳಿದರು.

"ನೆನಪಾತು ನೋಡ್ರಿ ಗುರುಗಳ. ಎಪ್ಪತ್ತೇಳನೇ ಇಸ್ವಿ. ಗಾದಿ ಹರದಿದ್ವು. ಮತ್ತ ನೀಲಿನ ಹಾಕಸಬೇಕಂತ ನಾ ಹೊಂಟಿದ್ನಿ. ಆಕಿನ ಬ್ಯಾಡ ಅಂದ್ಲು. ಹೊರಗ ಕಡುನೀಲಿ ಐತಿ, ಒಳಗ ಕೆಂಪ ಹಾಕಸ್ರಿ, ಇಳಕಲ್ ಸೀರಿ ಆಗತೈತಿ ಅಂದ್ಲು. ನನಗ ಅದ ಖರೇ ಆಗಿ ಉಳೀತು. ಅದರ ಹಿಂದಿಂದು ಮರತ ಹೋತು."

ಯಾರೂ ಮಾತನಾಡಲಿಲ್ಲ. ಕಡುನೀಲಿ ಒಡಲು, ಕೆಂಪು ಸೆರಗು. ನಮ್ಮ ತಾಯಂದಿರು ಉಟ್ಟು ಬಾಳಿದ ಸೀರೆಯನ್ನು ಆ ತಾಯಿ ಆ ಚಳಿಯ ನಾಡಿನಲ್ಲಿ ಒಂದು ಇಂಗ್ಲಿಷ್ ಕಾರಿಗೆ ಉಡಿಸಿದ್ದರು. ವೈದ್ಯರು ಸುಳ್ಳಾಡಿರಲಿಲ್ಲ. ಅವರ ಪಾಲಿಗೆ ಪತ್ನಿ ಬದಲಿಸಿದ ದಿನದಿಂದಲೇ ಆ ಕಾರು ಆರಂಭವಾಗಿತ್ತು. ಪ್ರೀತಿ ಇಟ್ಟುಕೊಂಡ ನೆನಪೂ ತಪ್ಪಬಹುದೆಂಬುದನ್ನು ನಾವು ಕಣ್ಣಾರೆ ಕಂಡೆವು. ದುರಾಸೆ ಹೇಳಿಸುವ ಸುಳ್ಳನ್ನು ಗುರುತಿಸುವುದು ಸುಲಭ. ಪ್ರೀತಿಯಿಂದ ಆದ ತಪ್ಪನ್ನು ಹೊರಗಿನ ಸಾಕ್ಷಿಯಿಲ್ಲದೆ ಕಾಣಲಾಗದು.

ಈಗ ಮಗ ಮತ್ತೆ ನಮ್ಮ ಕಡೆಗೆ ನೋಡಿದರು. ಆ ರಾತ್ರಿ ನುಡಿಯದೆ ಉಳಿದುದನ್ನು ನಾವು ಆಗ ನುಡಿದೆವು. ದಾಸೋಹಕ್ಕೆ ಬರುವ ಒಂದು ಕಾಸೂ ಮುಚ್ಚಿಟ್ಟ ಮಾತಿನಿಂದ ಬಂದದ್ದಾಗಿರಬಾರದು. ಕೋಣೆ ಒಂದು ಕಡಿಮೆಯಾದರೆ ಆಗಲಿ. ಮೊನ್ನೆ ರಾತ್ರಿ ಸುಮ್ಮನಿದ್ದುದು ನಮ್ಮ ತಪ್ಪು ಎಂದೆವು. ಶೂನ್ಯಸಂಪಾದನೆಯ ಮಾತನ್ನೂ ಹೇಳಿದೆವು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಪಾದಿಸಿದ ಆ ಗ್ರಂಥವನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ನಾಲ್ಕೂ ಅವರವರ ಹೆಸರಿನೊಡನೆ ನಮಗೆ ದೊರೆತಿವೆ. ಹಿಂದಿನದರ ಹೆಸರಿನಲ್ಲಿ ಹಿಂದಿನದು, ಮುಂದಿನದರ ಹೆಸರಿನಲ್ಲಿ ಮುಂದಿನದು. ಆದ್ದರಿಂದಲೇ ನಾಲ್ಕನ್ನೂ ತಲೆಯ ಮೇಲಿಟ್ಟುಕೊಳ್ಳುತ್ತೇವೆ. ಸೇರಿಸಿದ್ದು ದೋಷವಲ್ಲ, ಸೇರಿಸಿದವರ ಹೆಸರನ್ನು ಅಳಿಸಿದರೆ ದೋಷ. ಆ ತಾಯಿ ಹಾಕಿಸಿದ ಕೆಂಪನ್ನು ಕಾರ್ಖಾನೆಯದೆಂದು ಹೇಳಿದರೆ ಕೊಳ್ಳುವವರಿಗೆ ಮಾಡುವ ಮೋಸ ಒಂದು ಕಡೆಗಿರಲಿ, ಆ ತಾಯಿಯ ಹೆಸರನ್ನೇ ಅಳಿಸಿದಂತಾಯಿತು ಎಂದೆವು.

ಮಗ ಅಂದೇ ಸಂಗ್ರಾಹಕರಿಗೆ ನಿಜವನ್ನು ತಿಳಿಸಿ, ಪ್ರಮಾಣಪತ್ರದ ನಕಲನ್ನು ಕಳುಹಿಸಿದರು. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ದಿನ ಅವರು ಖುದ್ದಾಗಿ ಬಂದರು. ಬೆಲೆಯನ್ನು ತಗ್ಗಿಸಿದರು, ಅದೂ ಸ್ವಲ್ಪವಲ್ಲ. ಮಗನ ಮುಖ ಬಾಡಿದ್ದನ್ನು ನಾವು ನೋಡದಿರಲಿಲ್ಲ. ವೈದ್ಯರು ಚೌಕಾಶಿ ಮಾಡಲಿಲ್ಲ. ಒಂದು ಹಾಳೆಯನ್ನು ತಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತಮ್ಮ ಕೈಯಾರೆ ಬರೆದು ರುಜು ಹಾಕಿದರು. ಕಾರ್ಖಾನೆಯಿಂದ ಹೊರಟಾಗ ಒಳಗಿನ ಬಣ್ಣ ನೀಲಿ. 1977ರಲ್ಲಿ ತಮ್ಮ ಪತ್ನಿಯ ಇಚ್ಛೆಯಂತೆ ಕೆಂಪು ಮಾಡಿಸಿದ್ದು. ಹೀಗೆಂದು ಮೂರೇ ಸಾಲು. ಅದನ್ನು ಪ್ರಮಾಣಪತ್ರದ ಜೊತೆಗೆ ಲಕೋಟೆಯಲ್ಲಿಟ್ಟು ಕೊಟ್ಟರು. ಕೊಂಡವರು ಒಳಗಣ ಬಣ್ಣವನ್ನು ಮರಳಿ ನೀಲಿ ಮಾಡಿಸುವರೋ ಕೆಂಪನ್ನೇ ಉಳಿಸುವರೋ ನಾವು ಕೇಳಲಿಲ್ಲ. ಕಾರು ಇನ್ನು ಅವರದು. ಬೀದಿಯ ತಿರುವಿನಲ್ಲಿ ಅದು ಮರೆಯಾಗುವವರೆಗೆ ವೈದ್ಯರು ಬಾಗಿಲಲ್ಲಿ ನಿಂತು ನೋಡಿದರು. ಅನಂತರ ಒಳಗೆ ಬಂದು ಆಲ್ಬಮನ್ನು ಕಪಾಟಿನಲ್ಲಿಟ್ಟರು.

ಊರಿಗೆ ಹೊರಡುವ ಹಿಂದಿನ ದಿನ ಲಂಡನ್ನಿಗೆ ಹೋಗಿ, ಥೇಮ್ಸ್ ನದಿಯ ದಂಡೆಯಲ್ಲಿ ಪಾರ್ಲಿಮೆಂಟ್ ಭವನಕ್ಕೆ ಎದುರಾಗಿ ನಿಂತಿರುವ ಬಸವಣ್ಣನವರ ಪ್ರತಿಮೆಗೆ ಶರಣು ಸಲ್ಲಿಸಿದೆವು. ಅದರ ಅನಾವರಣವಾದದ್ದು 2015ರ ನವೆಂಬರ್ 14ರಂದು. ಕೊವೆಂಟ್ರಿ ಸುಟ್ಟುಹೋದ ರಾತ್ರಿಯ ತಾರೀಖೂ ಅದೇ ಎಂಬುದು ನಮಗೆ ಅಲ್ಲಿ ನಿಂತಾಗ ಹೊಳೆಯಿತು. ವೈದ್ಯರು ನಮ್ಮ ಪಕ್ಕದಲ್ಲಿದ್ದರು. "ಏಳ ಖೋಲಿ ಸಾಕಲ್ರಿ ಗುರುಗಳ?" ಎಂದು ಕೇಳಿದರು. ಸಾಕೆಂದೆವು.

ಈ ಲೇಖನವನ್ನು ಬರೆಯುವ ಹೊತ್ತಿಗೆ ಪ್ರಸಾದನಿಲಯದ ಅಡಿಪಾಯದ ಕೆಲಸ ನಡೆದಿದೆ. ನಕ್ಷೆಯಲ್ಲಿದ್ದ ಎಂಟನೆಯ ಕೋಣೆಯ ಜಾಗವನ್ನು ಅಂಗಳವಾಗಿ ಬಿಟ್ಟಿದ್ದೇವೆ. ಬಾಗಿಲಿನ ಮೇಲೆ ಹಾಕುವ ಬಣ್ಣ ಯಾವುದಿರಬೇಕೆಂದು ಮೇಸ್ತ್ರಿ ಕೇಳಿದಾಗ ನೀಲಿ ಬಾಗಿಲಿಗೆ ಕೆಂಪು ಅಂಚು ಎಂದು ಹೇಳಿದೆವು. ಕಾರಣವನ್ನು ಅವನು ಕೇಳಲಿಲ್ಲ.